ರಿಗ್ಗಿನ ಬಟ್ಟೆ ಮೂಸಿದವರು

ಊರಾಚೆ ಬಯಲಲ್ಲಿ ಎಣ್ಣೆ ಹುಡುಕೋಕೆ ಅಂತ ನೆಲ ಕೊರೆಯುವ ರಿಗ್ಗು ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು. ನೆಲದಡಿ ಪದರ ಪದರವಾಗಿದ್ದ ಶೇಲ್ ಅನ್ನೋ ಕಲ್ಲನ್ನು ಅದುವರೆಗೆ ಯಾರೂ ಕೊರೆದು ನೋಡಿರಲಿಲ್ಲ. ಎಣ್ಣೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕಂಪನಿಯವರು ಬಯಲಿಗೆ ಬೇಲಿ ಹಾಕಿದ್ದರು, ಕೆಲಸದವರ ಬಾಯಿಗೆ ಬೀಗ ಹಾಕಿದ್ದರು. ಏನು ಕೇಳಿದರೂ "ಗೊತ್ತಿಲ್ಲ" ಅನ್ನೋದೊಂದೇ ಉತ್ತರ. ಆದರೆ ಬಾಯಿ ಮುಚ್ಚಿಸಿದ ಆ ಮಹಾ ಬುದ್ಧಿವಂತರಿಗೆ ಬಟ್ಟೆ ನೆನಪಾಗಲಿಲ್ಲ ನೋಡಿ! ಕೆಲಸದವರು ಮೈತುಂಬ ತೊಡುವ ಕಿತ್ತಳೆ ಬಣ್ಣದ ಕವರಾಲ್‌ಗಳೆಲ್ಲ ವಾರಕ್ಕೆರಡು ಸಲ ಲಾಂಡ್ರಿಯಕ್ಕನ ಅಂಗಡಿಗೇ ಬರುತ್ತಿದ್ದವು.

ಲಾಂಡ್ರಿಯಕ್ಕ ಅಂದರೆ ಕಮ್ಮಿ ಆಸಾಮಿಯಲ್ಲ. ಮದುವೆಯಾದ ಹೊಸತರಲ್ಲಿ ಒಂದು ಬಕೆಟ್ಟು, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಶುರು ಮಾಡಿದವಳು, ಇಪ್ಪತ್ತು ವರ್ಷದಲ್ಲಿ ಎರಡು ದೊಡ್ಡ ಮೆಷಿನ್ನು ತಂದು ಕೂರಿಸಿದ್ದಳು. ಗಂಡನದು ಬಟ್ಟೆ ತರುವ, ತಲುಪಿಸುವ ಕೆಲಸ. ಮೆಷಿನ್ನಿನ ಸದ್ದು ಒಂಚೂರು ಬದಲಾದರೂ ಒಳಮನೆಯಿಂದ ಅವಳು ಓಡಿ ಬರುತ್ತಿದ್ದಳು. ಮಕ್ಕಳು ಅತ್ತರೂ ಹಾಗೆ ಓಡಿ ಬಂದವಳಲ್ಲ ಅಂತ ಗಂಡ ಛೇಡಿಸುತ್ತಿದ್ದ.

ಒಂದು ದಿನ ಕವರಾಲ್ ಕೈಗೆತ್ತಿಕೊಂಡವಳಿಗೆ ಘಮ್ಮಂತ ಎಣ್ಣೆ ವಾಸನೆ ಹೊಡೆಯಿತು. ಅಷ್ಟು ದಿನ ಬರೀ ಕೆಸರು ವಾಸನೆ ಇತ್ತು. ಪಕ್ಕದ ಕಟಿಂಗ್ ಅಂಗಡಿಯ ಕ್ಷೌರಿಕ ಎದುರಿಗೇ ನಿಂತಿದ್ದ. ಸುಮ್ಮನಿರಬಹುದಿತ್ತು. ಜಂಬ ಎಲ್ಲಿ ಬಿಡುತ್ತೆ? "ಬಿತ್ತಪ್ಪಾ ಎಣ್ಣೆ! ಈ ಮೂಗು ಸುಳ್ಳು ಹೇಳಲ್ಲ," ಅಂದುಬಿಟ್ಟಳು. ಕ್ಷೌರಿಕನ ಕಿವಿಗೆ ಹಾಕೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ. ಸಂಜೆಯೊಳಗೆ ಅರ್ಧ ಬೀದಿ ಬಂದು ಕವರಾಲ್ ಮೂಸಿ ಹೋಯಿತು. ಹಲ್ಲಿನ ಡಾಕ್ಟರಂತೂ ಕಣ್ಣು ಮುಚ್ಚಿ ಮೂರು ಸಲ ಮೂಸಿ, "ಒಳ್ಳೇ ದರ್ಜೆಯದು," ಅಂತ ತೀರ್ಪು ಕೊಟ್ಟರು.

ಎಲ್ಲರಿಗಿಂತ ಜೋರಾಗಿ ತಲೆ ತಿರುಗಿದ್ದು ಅವಳ ಗಂಡನಿಗೆ. ಎರಡು ವಾರ ಅದನ್ನೇ ಲೆಕ್ಕ ಹಾಕಿ ಒಂದು ಸೋಮವಾರ ಬಾಯಿಬಿಟ್ಟ. "ಇನ್ನು ಊರಿಗೆ ಎಣ್ಣೆ ಕಂಪನಿಯವರ ದಂಡೇ ಬರುತ್ತೆ ಕಣೇ. ಅವರಿಗೆ ಮಲಗೋಕೆ ಜಾಗ ಬೇಡ್ವಾ? ಲಾಂಡ್ರಿ ಮುಚ್ಚಿ ಲಾಡ್ಜ್ ಮಾಡೋಣ. ಮೆಷಿನ್ನು ನನ್ನ ತಮ್ಮ ಕೊಂಡ್ಕೊಳ್ತಾನೆ, ಶನಿವಾರ ಲಾರಿ ತರ್ತಾನೆ." ಮಾತು ಮುಗಿಯುವಷ್ಟರಲ್ಲಿ ತಮ್ಮನಿಗೆ ಫೋನೂ ಮಾಡಿದ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಹಾಗಾಯಿತು. ಲಾಂಡ್ರಿಯಕ್ಕ ಹೋಗಿ ಮೆಷಿನ್ನಿಗೆ ಒರಗಿ ನಿಂತಳು. ಆದರೆ ಬೆಂಕಿ ಹಚ್ಚಿದವಳು ತಾನೇ, ಬೈಯೋದು ಯಾರನ್ನ?

ಬುಧವಾರ ರಿಗ್ಗಿನ ಕಲ್ಲುಮೇಷ್ಟ್ರು ಅಂಗಿ ಒಯ್ಯೋಕೆ ಬಂದರು. ಕೊರೆದಾಗ ಮೇಲೆ ಬರುವ ಕಲ್ಲಿನ ಚೂರುಗಳನ್ನು ತೊಳೆದು ನೋಡೋದೇ ಅವರ ಕೆಲಸವಾದ್ದರಿಂದ ಅವಳೇ ಇಟ್ಟ ಹೆಸರು ಅದು. ಅವಳು ನೇರ ಕೇಳಿದಳು.

"ಮೇಷ್ಟ್ರೇ, ಎಣ್ಣೆ ಇದೆಯೋ ಇಲ್ವೋ?"

"ಹೇಳಿದ್ರೆ ಕೆಲಸ ಹೋಗುತ್ತೆ ಅಕ್ಕಾ. ನಿಜ ಅಂದ್ರೆ ನನಗೂ ಇನ್ನೂ ಗೊತ್ತಿಲ್ಲ."

"ಮತ್ತೆ ಬಟ್ಟೆಯೆಲ್ಲ ಎಣ್ಣೆ ವಾಸನೆ?"

ಮೇಷ್ಟ್ರು ಜೋರಾಗಿ ನಕ್ಕರು. "ಅದು ನಾವೇ ಸುರಿದಿದ್ದು! ಕೊರೆಯುವಾಗ ಬಾವಿಯೊಳಗೆ ಕೆಸರು ಬಿಡ್ತೀವಿ. ಶೇಲ್ ಕಲ್ಲು ನೀರು ಕುಡಿದ್ರೆ ಉಬ್ಬಿ ಕುಸಿದುಬಿಡುತ್ತೆ. ಅದಕ್ಕೇ ಎರಡು ವಾರದಿಂದ ನೀರಿನ ಬದಲು ಡೀಸೆಲ್‌ನಲ್ಲಿ ಕಲಸ್ತಿದ್ದೀವಿ. ಇದೇನು ಗುಟ್ಟಲ್ಲ ಬಿಡಿ."

ಲಾಂಡ್ರಿಯಕ್ಕ ರಾಶಿಯಿಂದ ಒಂದು ಕವರಾಲ್ ಎಳೆದು ಇನ್ನೊಮ್ಮೆ ಮೂಸಿದಳು. ಕಂಪನಿ ತಾನೇ ಸುರಿದ ಎಣ್ಣೆಯನ್ನು ಮೂಸಿ ಊರಿಗೆ ಊರೇ ಸಾಹುಕಾರ ಆಗಿತ್ತು!

ಅವತ್ತೇ ಗಂಡನಿಗೆ ಹೇಳಿದಳು. ಗುರುವಾರ ಹೇಳಿದಳು. ಶುಕ್ರವಾರ ಅಳುತ್ತಾ ಹೇಳಿದಳು. "ಮೆಷಿನ್ನಿನ ಮೋಹ ಕಣೇ ನಿಂಗೆ, ಅದಕ್ಕೆ ಕಥೆ ಕಟ್ತಿದ್ದೀಯ," ಅಂದ ಗಂಡ. ಕ್ಷೌರಿಕ ಇನ್ನೂ ಒಂದು ಹೆಜ್ಜೆ ಮುಂದೆ: "ಕಂಪನಿಯವರು ಅಕ್ಕನ ಬಾಯಿಗೂ ಬೀಗ ಹಾಕಿದ್ರು ಅಂತ ಕಾಣುತ್ತೆ."

ಶನಿವಾರ ಬೆಳಿಗ್ಗೆ ಮೈದುನನ ಲಾರಿ ಬಾಗಿಲಿಗೆ ಬಂತು. ಗಂಡ ಆಗಲೇ ಮೊದಲ ಮೆಷಿನ್ನಿನ ನೀರಿನ ಪೈಪು ಬಿಚ್ಚಿದ್ದ. ಲಾಂಡ್ರಿಯಕ್ಕ ನೇರ ಹಿತ್ತಲಿಗೆ ಹೋದಳು. ಒಂದು ಹಿಡಿ ಮಣ್ಣಿಗೆ ಜನರೇಟರಿನ ಕ್ಯಾನಿನಿಂದ ಡೀಸೆಲ್ ಸುರಿದು ಕಲಸಿ, ಒಗೆದು ಮಡಿಸಿಟ್ಟಿದ್ದ ಕವರಾಲಿಗೆ ಬಳಿದು ತಂದಳು. ತಾನೇ ಒಗೆದ ಬಟ್ಟೆಗೆ ತಾನೇ ಕೊಳೆ ಮೆತ್ತಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಇದು ಹೊಸದು, ನೋಡಿ," ಅಂತ ಅಣ್ಣತಮ್ಮಂದಿರ ಮುಂದೆ ಹಿಡಿದಳು.

ಗಂಡ ಮೂಸಿ, "ಆಹಾ! ನಾನು ಹೇಳಲಿಲ್ವಾ?" ಅಂದ. ಮೈದುನ ಮೂಸಿ ತಲೆಯಾಡಿಸಿದ. ಕ್ಷೌರಿಕ ಕತ್ತರಿ ಕೈಯಲ್ಲಿ ಹಿಡಿದೇ ಓಡಿ ಬಂದು ಮೂಸಿದ. "ಅಬ್ಬಬ್ಬಾ, ಇವತ್ತು ಇನ್ನೂ ಗಟ್ಟಿ! ಎಷ್ಟು ಆಳದ್ದು ಅಕ್ಕಾ?"

"ಒಂದು ಗೇಣು."

"ಆಂ?"

"ಹಿತ್ತಲಲ್ಲಿ, ನಲ್ಲಿ ಪಕ್ಕ. ಡೀಸೆಲ್ ಜನರೇಟರಿಂದು. ಕಲಸಿದ್ದು ನಾನು. ರಿಗ್ಗಿನ ಬಟ್ಟೇಲಿ ಇರೋದೂ ಹೀಗೇ ಹೊರಗಿಂದ ಸುರಿದ ಎಣ್ಣೆ. ಅಲ್ಲಿ ಬಾವಿಯೊಳಗೆ ಏನಿದೆ ಅಂತ ನನಗೆ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ, ಜಂಬಕ್ಕೆ ಹೇಳಿದೆ. ತಪ್ಪು ನಂದೇ."

ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಷೌರಿಕ ಮಾತ್ರ ಹಿತ್ತಲ ಕಡೆ ಕತ್ತು ಚಾಚಿ, "ಆದ್ರೂ ಅಲ್ಲೂ ಒಂದು ಸಲ ಅಗೆದು ನೋಡಬಹುದಿತ್ತು," ಅನ್ನುತ್ತಾ ಅರ್ಧ ಗಡ್ಡಕ್ಕೇ ಬಿಟ್ಟು ಬಂದಿದ್ದ ಗಿರಾಕಿಯ ಕಡೆಗೆ ನಡೆದ.

ಗಂಡ ನಗಲಿಲ್ಲ. ಪೈಪು ಹಿಡಿದುಕೊಂಡೇ ನಿಂತಿದ್ದ.

"ನೀನು ಇದೆ ಅಂದಾಗ ಒಂದೇ ಮಾತಿಗೆ ನಂಬಿದೆ. ಅಲ್ಲ ಅಂತ ನೀನು ಮೂರು ದಿನ ಬಡ್ಕೊಂಡೆ, ಆಗ ನಾನು ನಂಬಲಿಲ್ಲ," ಅಂದ.

"ನಂಬೋದು ಹಾಗಿರ್ಲಿ ರೀ," ಅಂದಳು ಲಾಂಡ್ರಿಯಕ್ಕ. "ನಾಳೆ ಅಲ್ಲಿ ನಿಜವಾಗ್ಲೂ ಎಣ್ಣೆ ಬಿತ್ತು ಅಂತಾನೇ ಇಟ್ಕೊಳ್ಳಿ. ಆದ್ರೂ, ಮೆಷಿನ್ನು ಕೊಡೋಣವಾ ಅಂತ ನನ್ನನ್ನ ಒಂದು ಮಾತು ಕೇಳಿದ್ರಾ?"

ಗಂಡ ಮೆಷಿನ್ನನ್ನು ನೋಡಿದ, ಲಾರಿಯನ್ನು ನೋಡಿದ. ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೂ ಇರಲಿಲ್ಲ. ಅದು ಈಗ ಹೊಳೆದು ಅವನ ಮುಖ ಸಣ್ಣಗಾಯಿತು.

"ಈಗ ಕೇಳ್ತೀನಿ," ಅಂದ ಮೆಲ್ಲಗೆ. "ಕೊಡೋಣವಾ?"

"ಬೇಡ," ಅಂದಳು ಅವಳು, ಅವನ ಕೈಯಿಂದ ಪೈಪು ಇಸ್ಕೊಂಡು.