ಅಕ್ಕಿಕಾಳಿನ ಬಟನ್

ಬೈಲಹೊಂಗಲದ ರಾಚವ್ವನ ವಹಿಯಲ್ಲಿ ಹೆಸರು ಬಿತ್ತೆಂದರೆ ಹುಡುಗಿಯ ಮನೆಯವರು ಅರ್ಧ ಮದುವೆ ಮುಗಿಸಿದ ಹಾಗೆ ನಿರಾಳವಾಗುತ್ತಿದ್ದರು. ಬಜಾರದ ಹಿಂದಿನ ಓಣಿಯಲ್ಲಿ ಅವಳ ವಧು-ವರ ಕೇಂದ್ರ. ಕೇಂದ್ರವೆಂದರೆ ಒಂದು ಪಡಸಾಲೆ, ಎರಡು ಕುರ್ಚಿ, ಕೆಂಪು ರಟ್ಟಿನ ಉದ್ದನೆಯ ವಹಿ. ಸಂಬಂಧ ಕೂಡಿದವರ ಹೆಸರಿನ ಮೇಲೆ ರಾಚವ್ವ ಎಂದೂ ಗೀಟು ಎಳೆದವಳಲ್ಲ. ಮದುವೆಗೆ ಹೋಗಿ ಉಂಡು, ಸೆರಗಿನಲ್ಲಿ ಕಟ್ಟಿ ತಂದ ಅಕ್ಷತೆಯಲ್ಲಿ ಒಂದು ಅಕ್ಕಿಕಾಳನ್ನು ಹೆಸರಿನ ಪಕ್ಕ ಅಂಟಿನಿಂದ ಹಚ್ಚುವಳು. ಕಾಳು ಹತ್ತಿದ ಹೆಸರನ್ನು ಮತ್ತೆ ಯಾರಿಗೂ ಓದಿ ಹೇಳುತ್ತಿರಲಿಲ್ಲ. ಇರುವೆಗಳು ಎತ್ತಿಕೊಂಡು ಹೋದ ಕಾಳುಗಳನ್ನು ಶ್ರಾವಣದಲ್ಲಿ ಕೂತು ಮತ್ತೆ ಹಚ್ಚುವುದು ಅವಳ ವರ್ಷದ ಕೆಲಸ.

ಈಗಿನ ವಹಿ ಹನ್ನೊಂದು ವರ್ಷದ್ದು. ಅದರ ಮೊದಲ ಪುಟದ ಮೊದಲ ಹೆಸರು ಅವಳ ಮಗಳು ಮೀನಾಳದು. ಪಕ್ಕದಲ್ಲಿ ಕಾಳಿರಲಿಲ್ಲ.

ಮೀನಾಳಿಗೆ ಈಗ ಮೂವತ್ತಮೂರು. ಕಾಲೇಜಿನ ಆಫೀಸಿನಲ್ಲಿ ಕೆಲಸ. ಮೊದಲು ಕೆಲವರು ಅವಳನ್ನು ಒಲ್ಲೆವೆಂದರು, ಆಮೇಲೆ ಅವಳೇ ಕೆಲವರನ್ನು ಒಲ್ಲೆನೆಂದಳು. ಇತ್ತಿತ್ತಲಾಗಿ ತನಗೆ ಮದುವೆಯೇ ಬೇಡವಾಗಿದೆ ಎಂಬುದು ಅವಳಿಗೆ ಗೊತ್ತಾಗಿತ್ತು. ಊರಿಗೆಲ್ಲ ಮದುವೆ ಮಾಡಿಸುವ ತಾಯಿಯ ಮುಂದೆ ಅದನ್ನು ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಸುರೇಬಾನದಿಂದ ಹೆಣ್ಣು ಕೇಳಲು ಬಂದವರೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: “ನಿಮ್ಮದು ನೆಟ್ಟಿನ್ಯಾಗ ಇಲ್ಲೇನ್ರಿ? ಧಾರವಾಡದವರದು ಐತಲ್ರಿ.”

ರಾಚವ್ವನಿಗೆ ಮೈಯೆಲ್ಲ ಉರಿಯಿತು. ಸಂಜೆ ಮೀನಾ ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪಣೆಯಾಯಿತು. “ವಹಿ ಎಲ್ಲಾ ನೆಟ್ಟಿಗೆ ಹಾಕಬೇಕು. ಸೋವಿದು, ರೊಕ್ಕಾ ಕಮ್ಮಿ ಬೀಳೂದು ಯಾವುದೈತಿ ನೋಡು. ಅಕ್ಷಯ ತೃತೀಯಾಕ್ಕ ಸುರು ಆಗಬೇಕು.”

ಮೀನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪಡಸಾಲೆಯ ವಹಿಯನ್ನು ದಿನಕ್ಕೆ ನಾಲ್ಕು ಜನ ನೋಡಿದರೆ ಹೆಚ್ಚು. ನೆಟ್ಟಿಗೆ ಹೋದರೆ ಫೋಟೋ ಸಮೇತ ಕಾಲೇಜಿನವರೆಲ್ಲ ನೋಡುತ್ತಾರೆ. ಮೊದಲ ಹೆಸರು ತನ್ನದೇ. ಆದರೂ ಹೂಂ ಎಂದಳು. ಹೇಗಾದರೂ ಆ ಪಟ್ಟಿಯಿಂದ ಹೊರಬೀಳಬೇಕು ಎಂದು ಅಂದೇ ನಿರ್ಧರಿಸಿದಳು.

ಮೊದಲು ಬೆಳಗಾವಿಯಿಂದ ವೆಬ್‌ಸೈಟ್ ಮಾಡುವವನೊಬ್ಬ ಬಂದ. ನಲವತ್ತು ಸಾವಿರ ಎಂದ. ಹೆಸರು ಹಾಕುವುದಿರಲಿ, ತೆಗೆಯುವುದಿರಲಿ, ಅವನಿಗೇ ಫೋನ್ ಮಾಡಬೇಕು. ಎಂಟು ದಿನದಲ್ಲಿ ಮಾಡಿಕೊಡುತ್ತಾನಂತೆ.

“ಎಂಟ ದಿನಾ? ನಿಶ್ಚೆ ಆದ ಹುಡುಗಿ ಫೋಟೋ ಎಂಟ ದಿನಾ ಮಂದಿ ನೋಡಕೋತ ಕುಂದ್ರಬೇಕೇನ್ರಿ?” ಎಂದಳು ರಾಚವ್ವ. ಅವನು ಚಹಾ ಕುಡಿದು ಬೆಳಗಾವಿ ಬಸ್ಸು ಹತ್ತಿದ.

ಬಸ್‌ಸ್ಟ್ಯಾಂಡಿನ ಹತ್ತಿರ ನೆಟ್ ಅಂಗಡಿ ನಡೆಸುವ ಮೆಹೆರಾಜ ವೆಬ್‌ಸೈಟ್ ಕಟ್ಟುವ ಪುಕ್ಕಟೆ ಸಾಫ್ಟ್‌ವೇರುಗಳನ್ನು ಎರಡು ಮೂರು ತೋರಿಸಿದಳು. ವೆಬ್‌ಸೈಟಿನ ಹೆಸರಿಗೆ, ಜಾಗಕ್ಕೆ ವರ್ಷಕ್ಕಿಷ್ಟು ಕಟ್ಟಿದರಾಯಿತು, ಉಳಿದದ್ದು ತಮ್ಮ ಕೈಯಿಂದಲೇ ಮಾಡಿಕೊಳ್ಳಬಹುದು. ಅದರಲ್ಲಿ ಒಂದರ ಹೆಸರು ಜೂಮ್ಲಾ.

“ಜುಮ್ಲಾ ಅಂದ್ರ ಎಲ್ಲಾ ಕೂಡಿ ಅಂತಲ್ಲನ?” ರಾಚವ್ವ ಕನ್ನಡಕ ಏರಿಸಿದಳು. “ಹೆಸರು ಚಲೋ ಐತಿ. ಕೂಡಸೋದ ನಮ್ಮ ಕೆಲಸ.”

ತಿಳಿದವರು ಹೀಗೆ ಆರಿಸುವುದಿಲ್ಲ ಎಂದು ಮೀನಾಳಿಗೆ ನಗು ಬಂತು. ನಕ್ಕರೆ ಕೆಲಸ ಕೆಡುತ್ತದೆಂದು ತಡೆದುಕೊಂಡಳು. ಕೆಲಸ ಕೆಟ್ಟದ್ದು ಮರುದಿನ. ಹೆಸರು ತೆಗೆಯುವುದು ಹೇಗೆಂದು ಮೆಹೆರಾಜ ತೋರಿಸಿದಳು. ಬಟನ್ನಿನ ಮೇಲೆ ಕಸದ ಬುಟ್ಟಿ ಎಂದಿತ್ತು.

ರಾಚವ್ವ ಕುರ್ಚಿಯಿಂದ ಎದ್ದೇಬಿಟ್ಟಳು. “ನಾಲ್ಕ ಮಂದಿ ಮನಿ ಹೆಣ್ಮಕ್ಕಳ ಹೆಸರ ಕಸದ ಬುಟ್ಟಿಗೆ ಹಾಕಲೇನವಾ? ಮದುವಿ ಆದ ದಿನಾ?”

“ಕುಂತ್ಕೋರಿ ಅಮ್ಮಾರ,” ಮೆಹೆರಾಜ ಸೆರಗು ಹಿಡಿದಳು. “ಪರದೆ ಮ್ಯಾಲಿನ ಮಾತೆಲ್ಲಾ ಒಂದ ಫೈಲಿನ್ಯಾಗ ಇರತಾವ್ರಿ. ನಿಮಗ ಬೇಕಾದ್ದು ಬರೀತೇನಿ. ಏನ ಬರೀಲಿ ಹೇಳ್ರಿ.”

ರಾಚವ್ವ ಕ್ಷಣವೂ ಯೋಚಿಸಲಿಲ್ಲ. “ಅಕ್ಕಿಕಾಳು.”

“ಮತ್ತ ಮದುವಿ ಆಗದ ಹೆಸರು ತಗೀಬೇಕಂದ್ರ?” ಮೀನಾ ಕೇಳಿದಳು. ಎಷ್ಟೇ ಸಹಜವಾಗಿ ಕೇಳಬೇಕೆಂದರೂ ಧ್ವನಿ ಸಣ್ಣದಾಯಿತು.

“ಅದ್ಯಾಕ ತಗೀಬೇಕು? ನಮ್ಮ ವಹಿಯಿಂದ ಹೊರಗ ಹೋಗಾಕ ಅಕ್ಕಿಕಾಳೊಂದ ದಾರಿ.”

ಜೂಮ್ಲಾ ಗಟ್ಟಿಯಾಯಿತು. ರಾಚವ್ವ ತಾನೇ ಒಂದೇ ಬೆರಳಿನಲ್ಲಿ, ಮೀನಾ ಪಕ್ಕದಲ್ಲಿ ಕೂತು ಓದಿದಂತೆ, ಇನ್ನೂ ಕಾಳು ಹತ್ತದ ಹೆಸರುಗಳನ್ನು ಇಪ್ಪತ್ತು ದಿನ ಕುಟ್ಟಿದಳು. ಮೀನಾ ಬೇಕೆಂದೇ ಎರಡನೆಯ ಹೆಸರಿನಿಂದ ಓದಲು ಶುರು ಮಾಡಿದ್ದಳು. ರಾಚವ್ವ ಮೊದಲನೆಯದನ್ನು ನೋಡದೆಯೇ ಕುಟ್ಟಿದಳು. ಮಗಳ ಹುಟ್ಟಿದ ದಿನ, ಓದು, ಎತ್ತರ, ಎಲ್ಲ ಬಾಯಿಪಾಠವಿತ್ತು.

ಅಕ್ಷಯ ತೃತೀಯಕ್ಕೆ ಎರಡು ದಿನ ಉಳಿದಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಪರದೆಯ ಮೇಲೆ ಪಟ್ಟಿ, ಎಲ್ಲಕ್ಕಿಂತ ಮೇಲೆ ಮೀನಾಳ ಫೋಟೋ. ಹನ್ನೊಂದು ವರ್ಷದ ಹಿಂದಿನ ರೇಶಿಮೆ ಸೀರೆ, ಹೂವು. ತಾಯಿ ಇಲ್ಲದಾಗ ಬಂದು ತಾನೇ ಬಟನ್ ಒತ್ತಬಹುದಿತ್ತು. ಒಂದು ಸಲ ಬಂದೂ ಇದ್ದಳು. ಅಕ್ಕಿಕಾಳು ಎಂದು ಬರೆದದ್ದನ್ನು ನೋಡಿ ಕೈ ಹಿಂದೆ ತೆಗೆದುಕೊಂಡಿದ್ದಳು. ಆ ಕಾಳು ತಾಯಿಯ ಕೈಯಿಂದಲೇ ಬೀಳಬೇಕು.

“ಯವ್ವಾ, ನನ್ನ ಹೆಸರು ತಗಿ,” ಎಂದಳು. “ನನಗ ಮದುವಿ ಬ್ಯಾಡ. ಯಾರ ಮ್ಯಾಲೂ ಸಿಟ್ಟಿಲ್ಲ. ಬ್ಯಾಡ ಅಷ್ಟ.”

ಮೆಹೆರಾಜ ಏನೋ ನೆನಪಾದವಳಂತೆ ಬಾಗಿಲಿಗೆ ಹೋಗಿ ನಿಂತಳು. ರಾಚವ್ವ ಕನ್ನಡಕ ಸರಿಪಡಿಸಿಕೊಂಡು ಫೋಟೋ ನೋಡಿದಳು. ಬಯ್ಯುತ್ತಾಳೆ, ಅಳುತ್ತಾಳೆ ಎಂದು ಮೀನಾ ಕಾದಳು. ಎರಡೂ ಆಗಲಿಲ್ಲ.

“ಹೆಸರು ತಗ್ಯಾಕ ಇದಕ್ಕ ಅದೊಂದ ಬಟನ್ ಐತಿ,” ಎಂದಳು ರಾಚವ್ವ. “ನಾನ ಬರೆಸೇನಿ.”

ಮೌಸ್ ಹಿಡಿದು ಒತ್ತಿದಳು. ಹೆಸರು ಹೋಗಲಿಲ್ಲ. ನಡುವೆ ಸಣ್ಣ ಚೌಕಟ್ಟೊಂದು ಬಂತು. ಮೆಹೆರಾಜ ಅದಕ್ಕೂ ತನ್ನ ಊರಿನ ಮಾತೇ ಬರೆದಿದ್ದಳು. ರಾಚವ್ವ ಅಕ್ಷರ ಕೂಡಿಸಿ ಓದಿದಳು: “ಖಾತ್ರಿ ಐತೇನ್ರಿ?”

ಮಗಳ ಕಡೆ ತಿರುಗಿದಳು. “ಕೇಳಾಕ ಹತ್ತೈತಿ ನೋಡು. ಖಾತ್ರಿ ಐತೇನವಾ?”

ಹನ್ನೊಂದು ವರ್ಷದಲ್ಲಿ ಈ ಮಾತನ್ನು ಅವಳು ಮಗಳಿಗೆ ಕೇಳಿದ್ದು ಇದೇ ಮೊದಲು. ಮೀನಾಳ ಕಣ್ಣು ತುಂಬಿತು.

“ಐತಿ ಯವ್ವಾ.”

ರಾಚವ್ವ ಒತ್ತಿದಳು. ಆಮೇಲೆ ಚೀಲದೊಳಗಿನ ಕುಂಕುಮದ ಡಬ್ಬಿಯಲ್ಲಿಟ್ಟಿದ್ದ ಒಂದು ಅಕ್ಕಿಕಾಳು ತೆಗೆದು, ಮೆಹೆರಾಜಳ ಕಡೆ ಕೈಚಾಚಿ ಅಂಟು ಕೇಳಿ, ವಹಿಯ ಮೊದಲ ಪುಟ ತೆರೆದಳು.