ಹದಿನೇಳನೇ ನಂಬರಿನ ಆಟ

“ನೀವು ಮಾತ್ರ ತುಟಿ ಬಿಚ್ಚಬಾರದು,” ಎಂದು ಆಟಿಕೆ ಕಾರ್ಖಾನೆಯ ಮಾಲೀಕ ಮೂರನೇ ಸಲ ಹೇಳಿದಾಗ ಕಂಡಕ್ಟರಮ್ಮ ತಲೆಯಾಡಿಸಿದಳು. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗಿ ಗಂಟಲು ಸವೆಸಿದವಳಿಗೆ ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಸಾಮಾನ್ಯದ ಶಿಕ್ಷೆಯೇ? ಆದರೆ ಷರತ್ತೇ ಅದು. ಅವಳು ಮನೆಯಲ್ಲಿ ಮಾಡಿದ ಆಟವನ್ನು ಗುರುತಿಲ್ಲದವರು ನಿಯಮದ ಹಾಳೆ ಒಂದನ್ನೇ ಓದಿಕೊಂಡು ಆಡಬೇಕು. ಆಟ ನಡೆದರೆ ಅಚ್ಚಾಗುತ್ತದೆ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಮೇಜಿನ ಮೇಲೆ ಹರಡಿದ್ದು ಹದಿನೇಳನೇ ನಂಬರಿನ ಬಸ್ಸಿನ ದಾರಿ. ಅವಳು ನಿವೃತ್ತಳಾದ ವರ್ಷವೇ ಆ ರೂಟನ್ನು ರದ್ದು ಮಾಡಿದ್ದರು. ಸಂಕಟ ತಡೆಯಲಾರದೆ ಅವಳು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಷ್ಟೂ ಸ್ಟಾಪುಗಳನ್ನು ಬರೆದಳು. ದರ್ಜಿಯಾದ ಗಂಡ ತನ್ನ ಗುಂಡಿಗಳ ಡಬ್ಬಿ ಸುರಿದು ಪ್ರಯಾಣಿಕರನ್ನು ಒದಗಿಸಿದ. ದಪ್ಪ ಕೋಟಿನ ಗುಂಡಿ ಮುದುಕ, ಅಂಗಿಯ ಬಿಳಿ ಗುಂಡಿಗಳು ಶಾಲೆಯ ಮಕ್ಕಳು. ರಟ್ಟಿನ ಬಸ್ಸು ಮೂರು, ಆಡುವವರಿಗೆ ಒಂದೊಂದು, ಒಂದೊಂದಕ್ಕೂ ನಾಲ್ಕೇ ಸೀಟು. ಹೆಚ್ಚು ಜನರನ್ನು ಅವರವರ ಸ್ಟಾಪಿಗೆ ಮುಟ್ಟಿಸಿದವರು ಗೆದ್ದಂತೆ. ಎಲ್ಲರೂ ಮರೆಯುತ್ತಿದ್ದ ಆ ದಾರಿ ಯಾರ ಮನೆಯಲ್ಲಾದರೂ ಉಳಿಯಲಿ ಎಂಬುದೊಂದೇ ಅವಳ ಆಸೆ. ಬೇರೆ ಕಾರ್ಖಾನೆಗಳ ಇಬ್ಬರು ಮಾಲೀಕರು ಆಗಲೇ ಆಟ ಬೇಡವೆಂದಿದ್ದರು.

ಆಡಲು ಕೂತವರು ಆ ಕಾರ್ಖಾನೆಯವರೇ, ಪ್ಯಾಕಿಂಗ್ ಮಾಡುವ ಹೆಂಗಸು ಮತ್ತು ರಟ್ಟು ಕತ್ತರಿಸುವ ಯಂತ್ರದ ಆಪರೇಟರ್. ಹತ್ತೇ ನಿಮಿಷಕ್ಕೆ ಕಂಡಕ್ಟರಮ್ಮನಿಗೆ ತನ್ನ ತಪ್ಪು ಕಂಡಿತು. ಸೀಟು ತುಂಬಿದ್ದೇ ತಡ, ಇಬ್ಬರೂ ಉಳಿದ ಗುಂಡಿಗಳನ್ನು ಸ್ಟಾಪಿನಲ್ಲೇ ಬಿಟ್ಟು ಹೋಗುತ್ತಿದ್ದರು. ಅಯ್ಯೋ, ಜನರನ್ನು ನಿಲ್ಲಿಸಿಕೊಂಡು ಹೋಗಬಹುದೆಂದು ಅವಳು ಬರೆದೇ ಇರಲಿಲ್ಲ! ಗಂಡನ ಜೊತೆ ಆಡುವಾಗ ಬಸ್ಸಿನಲ್ಲಿ ಇಬ್ಬರು ಪ್ರಯಾಣಿಕರು ನಿಲ್ಲಬಹುದಿತ್ತು, ಅದಕ್ಕೆ ದಂಡವಾಗಿ ಆ ಸರದಿಯಲ್ಲಿ ಬಸ್ಸು ಒಂದು ಸ್ಟಾಪು ಕಡಿಮೆ ಓಡುತ್ತಿತ್ತು. ಆದರೆ ಕಂಡಕ್ಟರಾಗಿದ್ದವಳಿಗೆ ಅದನ್ನೂ ಬರೆಯಬೇಕೆಂದು ಹೊಳೆಯುವುದಾದರೂ ಹೇಗೆ? ಉಸಿರಾಡಿ ಎಂದು ಯಾರಾದರೂ ಬರೆಯುತ್ತಾರೆಯೇ? ಆಪರೇಟರ್ ಆಕಳಿಸಿದ. ಮಾಲೀಕ ಗಡಿಯಾರ ನೋಡಿದ. ನಾಲಗೆ ಕಚ್ಚಿಕೊಂಡು ಕೂತವಳಿಗೆ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಪ್ಯಾಕಿಂಗಿನವಳು ಸ್ಟಾಪಿನಲ್ಲಿ ಉಳಿದಿದ್ದ ಕೋಟಿನ ಗುಂಡಿಯನ್ನು ಕೈಗೆತ್ತಿಕೊಂಡಳು.

“ಈ ಮುದುಕ ನಿಂತ್ಕೊಂಡು ಬರಬಾರ್ದಾ? ನಾನು ದಿನಾ ನಿಂತ್ಕೊಂಡೇ ಬರೋದು.”

“ಹಾಳೇಲಿ ಬರೆದಿಲ್ವಲ್ಲ,” ಎಂದ ಆಪರೇಟರ್.

“ಬೇಡ ಅಂತಾನೂ ಬರೆದಿಲ್ಲ.”

ಅವಳು ಗುಂಡಿಯನ್ನು ಬಸ್ಸಿನ ಬಾಗಿಲಲ್ಲಿ ಇಟ್ಟೇಬಿಟ್ಟಳು. ಹಾಗಾದರೆ ಬಾಗಿಲಲ್ಲಿ ನಿಂತವನು ಇಳಿಯುವ ತನಕ ಕೂತವರು ಇಳಿಯುವಂತಿಲ್ಲ ಎಂದು ಆಪರೇಟರ್ ತಕರಾರು ತೆಗೆದ. ಆಗಲಿ ಎಂದು ಅವಳೂ ಒಪ್ಪಿದಳು. ಆಟಕ್ಕೆ ಜೀವ ಬಂದದ್ದು ಅಲ್ಲಿಂದ. ಮುದುಕನದು ಕೊನೇ ಸ್ಟಾಪು. ಅವನ ದೆಸೆಯಿಂದ ಮಕ್ಕಳೆಲ್ಲ ಶಾಲೆ ದಾಟಿ ಮುಂದೆ ಹೋದಾಗ ಆಪರೇಟರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಮಾಲೀಕ ಕಂಡಕ್ಟರಮ್ಮನ ಕಡೆ ತಿರುಗಿ, ಇನ್ನು ಮಾತಾಡಬಹುದು, ನಿಮ್ಮ ಮನೆಯಲ್ಲಿ ಇದಕ್ಕೆ ಏನು ನಿಯಮ ಎಂದು ಕೇಳಿದ.

“ನಮ್ಮನೇದು ಬಿಡಿ. ಇವ್ರದೇ ಚೆನ್ನಾಗಿದೆ, ಇದನ್ನೇ ಬರ್ಕೊಳ್ಳಿ,” ಎಂದಳು. ಹೇಳುವಾಗ ಒಳಗೆ ಸ್ವಲ್ಪ ಚುರುಕ್ಕೆಂದದ್ದೂ ನಿಜ.

ಮಾಲೀಕ ಹಾಳೆಯ ಕೆಳಗೆ ಬರೆದುಕೊಂಡ. ಚಹಾದ ಗಂಟೆ ಹೊಡೆದು ಯಂತ್ರಗಳು ನಿಂತವು. ಆಡುತ್ತಿದ್ದ ಇಬ್ಬರೂ ಏಳಲಿಲ್ಲ. ಚಹಾ ಆರಿಹೋಗುತ್ತದೆ ಎಂದು ಮಾಲೀಕನೇ ನೆನಪಿಸಿದ.

“ಒಂದ್ನಿಮಿಷ ತಡೀರಿ ಸಾರ್,” ಎಂದಳು ಪ್ಯಾಕಿಂಗಿನವಳು, ತಲೆಯೆತ್ತದೆ. “ಈ ಮುದುಕನ್ನ ಮನೆಗೆ ಮುಟ್ಟಿಸಿ ಬರ್ತೀನಿ.”

ಮಾಲೀಕ ಕುರ್ಚಿ ಎಳೆದುಕೊಂಡು ಕೂತು, ಯಾರೂ ಆಡದೆ ಉಳಿದಿದ್ದ ಮೂರನೇ ಬಸ್ಸನ್ನು ತನ್ನ ಕಡೆಗೆ ಸರಿಸಿಕೊಂಡ.