ಸಾಮಿಯ ಬಳಿಗೆ ಹೋದ ಸ್ಕ್ಯಾನರ್

ಕೊಯಮತ್ತೂರು ಸೀಮೆಯ ಕಾರಮಡೈಯ ಆಚೆ, ಕನ್ನಡ ಮಾತಾಡುವ ನೇಯ್ಗೆಯವರ ಬೀದಿಯೊಂದರಲ್ಲಿ ಸಾಮಿಯಾತಾಳ್ ಎಂಬವಳು ಒಂದು ಮನೆಯ ಸಾಮಿಯಾಗಿ ನೆಲೆಸಿದ್ದಳು. ಈಗಲೂ ಅಲ್ಲಿಯೇ ನೆಲೆಸಿದ್ದಾಳೆಯೇ ಎಂಬ ಬಗ್ಗೆ ಮನೆಯವರಲ್ಲಿ ಒಮ್ಮತವಿಲ್ಲ. ನಾನು ಈ ಕತೆಯನ್ನು ಮೊದಲು ಕೇಳಿದ್ದು ತಿರುಪ್ಪೂರಿನಲ್ಲಿ, ಆಕೆಯ ಮಗಳು ಸುಶೀಲ ಅವರ ಬಾಯಿಂದ. ಆಮೇಲೆ ಅದೇ ಬೀದಿಯ ಅದೇ ಮನೆಯಲ್ಲಿ, ಸೊಸೆ ರಂಗನಾಯಕಿಯವರ ಬಾಯಿಂದ. ಇಬ್ಬರೂ ಬಿಟ್ಟುದನ್ನು ಸುಶೀಲ ಅವರ ಮಗಳು ಇಂದುಜಾ ತುಂಬಿಕೊಟ್ಟಳು. ಮೂವರ ಮಾತು ಕೂಡುವ ಕಡೆ ನೇರವಾಗಿ ಹೇಳುತ್ತೇನೆ. ಕೂಡದ ಕಡೆ ಕೂಡುವುದಿಲ್ಲವೆಂದೇ ಹೇಳುತ್ತೇನೆ.

ಈ ಮನೆತನದಲ್ಲಿ ಮುತ್ತೈದೆಯಾಗಿ ತೀರಿಕೊಂಡ ಹೆಂಗಸು ಮನೆಗೆ ಸಾಮಿಯಾಗುತ್ತಾಳೆ. ಆಡಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಯಂದು ಮನೆಯ ಮಗ್ಗದಲ್ಲೇ ನೇಯ್ದ ಹೊಸ ಸೀರೆಯನ್ನು ಅವಳ ಮುಂದಿಟ್ಟು ದೀಪ ಹಚ್ಚುತ್ತಾರೆ. ಸಾಮಿಯಾತಾಳ್ ಮಗ ಕೃಷ್ಣಸಾಮಿಯನ್ನು ಹೆತ್ತ ಬಾಣಂತಿತನದಲ್ಲೇ ಹೋದಳು. ಆಗ ಸುಶೀಲ ಇನ್ನೂ ಮಾತು ಬಲಿಯದ ಮಗು. ಅದಕ್ಕೆ ಸ್ವಲ್ಪ ಮೊದಲು ತಾಯಿಮಗಳಿಬ್ಬರೂ ಸ್ಟುಡಿಯೋ ಒಂದರಲ್ಲಿ ತೆಗೆಸಿಕೊಂಡಿದ್ದ ಕಪ್ಪುಬಿಳುಪಿನ ಪಟವೊಂದೇ ಉಳಿಯಿತು. ಗಂಡ ಅದಕ್ಕೆ ಕಟ್ಟು ಹಾಕಿಸಿ ಸಾಮಿ ಕೋಣೆಯ ಗೋಡೆಗೆ ತೂಗುಹಾಕಿದ. ಆದರೆ ಬದುಕಿರುವ ಮಗುವಿನ ಮುಂದೆ ದೀಪ ಹಚ್ಚಬಾರದೆಂದು, ಕಟ್ಟು ಹಾಕಿಸುವಾಗಲೇ ಮಗುವನ್ನು ಪಟದಿಂದ ತೆಗೆಸಿಬಿಟ್ಟಿದ್ದ. ತಾಯಿಯ ಹೆಗಲ ಮೇಲೆ ಒಂದು ಪುಟ್ಟ ಕೈ ಮಾತ್ರ ಉಳಿದಿತ್ತು. ಅದು ತನ್ನ ಕೈಯೆಂಬುದು ಸುಶೀಲ ಅವರಿಗೆ ಗೊತ್ತಿತ್ತು.

ಅವರು ಬೆಳೆದದ್ದು ಆ ಪಟದ ಕೆಳಗೆ. ಮದುವೆಯಾಗಿ ತಿರುಪ್ಪೂರಿಗೆ ಹೋದ ಮೇಲೆ ಪ್ರತಿ ಆಡಿಯಲ್ಲೂ ತವರಿನ ಕರೆ ಬರುತ್ತಿತ್ತು. ಹೋಗಿ ನೋಡಿ ಬರುತ್ತಿದ್ದರು. ಆಮೇಲೆ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಅಕ್ಕತಮ್ಮಂದಿರಿಗೆ ಮಾತು ಬೆಳೆಯಿತು. ಯಾರು ಯಾರನ್ನು ಮೊದಲು ಕೂರಿಸಲಿಲ್ಲ ಎಂಬ ವಿಚಾರ. ಅದರ ನಂತರ ಕರೆ ಬರುವುದು ನಿಂತಿತು.

ಕಳೆದ ವರ್ಷ ಸುಶೀಲ ಕರೆಯಿಲ್ಲದೆಯೇ ತಮ್ಮನ ಮನೆಗೆ ಹೋದರು. ಪಟ ಕೇಳಲಿಲ್ಲ, ಪಟದ ಒಂದು ಪ್ರತಿ ಕೇಳಿದರು.

“ಅವ್ವನ ಮುಖ ಮರ್ತೋಗ್ತಾ ಇದೆ, ಕೃಷ್ಣಾ. ಕಣ್ಣು ಮುಚ್ಚಿದ್ರೆ ಸೀರೆ ಬರ್ತದೆ, ಕೈ ಬರ್ತದೆ. ಮುಖ ಬರಲ್ಲ.”

ಈ ಮಾತನ್ನು ರಂಗನಾಯಕಿಯವರೂ ಹೀಗೆಯೇ ಹೇಳಿದರು. ಆಕೆ ಅದನ್ನು ಮರೆತಿಲ್ಲ.

ತಮ್ಮ ಮೊದಲು ಒಪ್ಪಲಿಲ್ಲ. ಕೊಟ್ಟ ಮನೆಗೆ ಹೋದ ಮಗಳ ಹಿಂದೆ ಸಾಮಿಯೂ ಹೊರಟುಬಿಟ್ಟರೆ ಈ ಮನೆಯ ಗತಿಯೇನು ಎಂಬುದು ಅವನ ಭಯ. ಕೊನೆಗೆ, ಪ್ರತಿ ತೆಗೆಯಬಹುದು, ಆದರೆ ಪಟ ಸಾಮಿ ಕೋಣೆಯ ಹೊಸ್ತಿಲು ದಾಟಕೂಡದು ಎಂದ. ಅಲ್ಲಿಗೆ ಸ್ಟುಡಿಯೋಗೆ ಒಯ್ಯುವ ಮಾತು ಮುಗಿಯಿತು. ಇಂದುಜಾ ಫೋನಿನಲ್ಲಿ ತೆಗೆದು ನೋಡಿದಳು. ಗಾಜಿನ ತುಂಬ ಟ್ಯೂಬ್‌ಲೈಟು, ಬಾಗಿಲು, ಫೋನು ಹಿಡಿದ ಅವಳದೇ ನೆರಳು. ದೀಪ ಆರಿಸಿ ತೆಗೆದರೆ ಮಸುಕು. ಹಾಗಾಗಿ ಸ್ಕ್ಯಾನರನ್ನೇ ಮನೆಗೆ ತರಬೇಕೆಂದಾಯಿತು.

ಇಂದುಜಾ ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಡಿಸೈನ್ ವಿಭಾಗದಲ್ಲಿದ್ದಾಳೆ. ಬಟ್ಟೆಯ ಮಾದರಿಗಳನ್ನು ದಿನವೂ ಸ್ಕ್ಯಾನ್ ಮಾಡುತ್ತಾಳೆ. ಮನೆಗೆ ಕೊಳ್ಳುವ ಸ್ಕ್ಯಾನರುಗಳಲ್ಲಿ ಎರಡು ಬಗೆಯಿದೆಯೆಂದು ಅವಳು ಮಾವನಿಗೆ ತಿಳಿಸಿದಳು. ಒಂದು ದಪ್ಪನೆಯದು, ಒಳಗೆ ಕನ್ನಡಿ, ಮಸೂರಗಳಿರುತ್ತವೆ, ಗೋಡೆಯ ಕರೆಂಟು ಬೇಕು, ಮೇಜಿನ ಮೇಲೆ ಜಾಗ ಬೇಕು. ಇನ್ನೊಂದು ತೆಳುವಾದದ್ದು, ಸ್ಲೇಟಿನಂತೆ ಕೈಯಲ್ಲಿ ಹಿಡಿಯಬಹುದು, ಲ್ಯಾಪ್‌ಟಾಪಿನ ಒಂದು ವೈರಿನಿಂದಲೇ ನಡೆಯುತ್ತದೆ. ಕಾಗದಕ್ಕೆ ತೆಳುವಾದದ್ದು ಸಾಕು. ಗಾಜಿನ ಹಿಂದಿರುವ ಪಟಕ್ಕೆ ದಪ್ಪನೆಯದೇ ಬೇಕು.

“ಮಾಮಾ, ತೆಳ್ಳಂದು ಅದ್ರ ಮೈಗೆ ತಾಕಿದ್ದನ್ನ ಮಟ್ಟುಂ ನೋಡ್ತದೆ. ಒಂದು ಬೆರಳು ದೂರ ಇದ್ರೂ ಕುರುಡು.”

ದಪ್ಪನೆಯದನ್ನು ಕೊಂಡರೆ ಪಟವನ್ನು ಹೇಗೆ ಇಡಬೇಕೆಂದು ರಂಗನಾಯಕಿ ಕೇಳಿದರು. ಗೋಡೆಯಿಂದ ಇಳಿಸಿ, ಸ್ಕ್ಯಾನರಿನ ಮೇಲೆ ಬೋರಲಾಗಿ ಇಡಬೇಕೆಂದಳು ಇಂದುಜಾ.

“ಸಾಮೀನ ಕವುಚಿ ಹಾಕಾದಾ?” ಎಂದರು ರಂಗನಾಯಕಿ. “ನಮ್ಮ ಸೀಮೇಲಿ ಹೆಣಾನೂ ಹಂಗೆ ಹಾಕಲ್ಲ, ತಾಯಿ.”

ಹೆಣವನ್ನು ಎತ್ತಿಕೊಂಡು ಹೋಗುವವರೆಗೂ ಮುಖ ಮೇಲಾಗಿ ಇರಬೇಕು. ಬೋರಲು ಹಾಕಿದರೆ ಮನೆಯ ಕಡೆ ಬೆನ್ನು ಮಾಡಿದಂತೆ. ಇದು ಆಕೆ ನನಗೆ ಬಿಡಿಸಿ ಹೇಳಿದ ವಿವರಣೆ. ಸ್ವಂತ ತಾಯಿಯನ್ನು ಬೋರಲು ಮಲಗಿಸಿ ಎಂದು ಮಗಳು ಹೇಗೆ ಹೇಳಿಯಾಳು?

ಕೃಷ್ಣಸಾಮಿ ಮಾರನೆಯ ದಿನ ಕೊಯಮತ್ತೂರಿಗೆ ಹೋದ. ಅಂಗಡಿಯಾತ ಮೇಜಿನ ಮೇಲೆ ಹಲವು ಪೆಟ್ಟಿಗೆಗಳನ್ನು ಬಿಚ್ಚಿ ಸಾಲಾಗಿ ಇಟ್ಟನಂತೆ. ಅವುಗಳಲ್ಲಿ ಒಂದರ ಮುಚ್ಚಳವನ್ನು ಪೂರಾ ಕಳಚಬಹುದಿತ್ತು. ಕಳಚಿದ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಬಹುದು, ಗೋಡೆಗೆ ಒತ್ತಿ ಹಿಡಿಯಲೂಬಹುದು. ಅದನ್ನು ಕಂಡೊಡನೆ ಕೃಷ್ಣಸಾಮಿಗೆ ದಾರಿ ಹೊಳೆಯಿತು. ಬಿಂಬ ಎಷ್ಟು ಸೂಕ್ಷ್ಮವಾಗಿ ಬರುತ್ತದೆ, ವೇಗವೆಷ್ಟು ಎಂದು ಅಂಗಡಿಯಾತ ಹೇಳುತ್ತಿದ್ದುದನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಅಲ್ಲಿಂದಲೇ ಇಂದುಜಾಗೆ ಫೋನು ಮಾಡಿದ. ಅದು ತೆಳುವಾದದ್ದಲ್ಲವೇ ಎಂದು ಅವಳು ಕೇಳಿದಳು. ಹೌದೆಂದ. ಬೇಡವೆಂದಳು.

“ಬನಿಯನ್ ಕಂಪನಿ ಬುದ್ಧಿ ಬನಿಯನ್‌ಗೆ ಇರ್ಲಿ, ನನ್ನ ಕಣ್ಣು. ಸಾಮಿ ಮೆಷಿನ್ ತಾವ ಹೋಗಬೇಕಾಗಿಲ್ಲ. ಮೆಷಿನ್ನೇ ಸಾಮಿ ತಾವ ಹೋಗ್ತದೆ.”

ಆ ಮಾತು ಬೀದಿಯಲ್ಲಿ ಮೆಚ್ಚುಗೆ ಪಡೆಯಿತಂತೆ. ಪಕ್ಕದ ಮನೆಯ ಮಾರಪ್ಪನ್ ಅದನ್ನು ಮಗ್ಗದ ಮೇಲೆ ಕೂತವರಿಗೆಲ್ಲ ಹೇಳಿಕೊಂಡು ಬಂದ. ರಂಗನಾಯಕಿ ಈಗಲೂ ಆ ಆಯ್ಕೆಯನ್ನು ತಪ್ಪೆನ್ನುವುದಿಲ್ಲ. ಮರ್ಯಾದೆಯಿಂದ ಆರಿಸಿದ ಯಂತ್ರ ಅದು ಎನ್ನುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಸಾಮಿ ಕೋಣೆಯಲ್ಲಿ ಸೇರಿದರು. ರಂಗನಾಯಕಿ ಪಟದ ಗಾಜಿನ ಮೇಲಿನ ಗಂಧ ಕುಂಕುಮವನ್ನು ಒರೆಸಿ ತೆಗೆದರು. ಇಂದುಜಾ ಮುಕ್ಕಾಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ವೈರು ಚುಚ್ಚಿದಳು. ಕೃಷ್ಣಸಾಮಿ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು, ಮುಚ್ಚಳವಿಲ್ಲದ ಸ್ಕ್ಯಾನರನ್ನು ಎರಡು ಕೈಯಲ್ಲಿ ತಟ್ಟೆಯಂತೆ ಹಿಡಿದು ತಾಯಿಯ ಪಟಕ್ಕೆ ಒತ್ತಿದ. ಬೆಳಕಿನ ಪಟ್ಟಿಯೊಂದು ತಲೆಯಿಂದ ಕೆಳಕ್ಕೆ ಇಳಿಯಿತು. ಮಂಗಳಾರತಿ ಆದಂತೆ ಕಂಡಿತೆಂದು ರಂಗನಾಯಕಿ ಕೈಮುಗಿದರಂತೆ.

ತೆರೆಯ ಮೇಲೆ ಮೂಡಿದ್ದು ಕೆರೆಯ ತಳದಲ್ಲಿ ಮಲಗಿದ ಹೆಂಗಸಿನಂಥ ಒಂದು ಆಕಾರ. ಕಟ್ಟಿನ ಅಂಚು ಸ್ಕ್ಯಾನರನ್ನು ಗಾಜಿಗೆ ತಾಗಗೊಡಲಿಲ್ಲ; ಗಾಜು ಪಟಕ್ಕೆ ತಾಗಗೊಡಲಿಲ್ಲ. ಕೂದಲಿನ ಕಪ್ಪಿತ್ತು, ಸೀರೆಯ ಬಿಳುಪಿತ್ತು. ನಡುವೆ ಕಣ್ಣುಬಾಯಿಗಳಿರಬೇಕಾದ ಕಡೆ ಬೂದುಬಣ್ಣ. ಇನ್ನೂ ಒತ್ತಿ ಹಿಡಿದು ನೋಡಿದರು. ಅದೇ ಬಂತು.

ಇಂದುಜಾ ತಾನು ಮೊದಲೇ ಹೇಳಿದ್ದೆನೆಂದು ಹೇಳಲಿಲ್ಲ. ಅಂಗಡಿಗೆ ಹಿಂದಿರುಗಿಸಿ ದಪ್ಪನೆಯದನ್ನು ತರೋಣ, ಬೋರಲಿಡದೆ ಬೇರೆ ದಾರಿಯಿದೆಯೇ ನೋಡೋಣ, ಇಲ್ಲವೇ ಒಳ್ಳೆಯ ಕ್ಯಾಮೆರಾದವನನ್ನು ಮನೆಗೇ ಕರೆಸೋಣ ಎಂದಳು. ಹೊರಗೆ ಮಾರಪ್ಪನ್ ಬಾಗಿಲ ಬಳಿ ನಿಂತು, ಸಾಮಿ ಬಂದಳಾ ಎಂದು ಕೇಳುತ್ತಿದ್ದ. ಕೃಷ್ಣಸಾಮಿ ಅತ್ತ ನೋಡಿದ, ಇತ್ತ ನೋಡಿದ. ಗಾಜೊಂದನ್ನು ತೆಗೆದರೆ ಸಾಕಲ್ಲವೇ ಎಂದ. ಸಾಮಿ ಗೋಡೆಯ ಬಳಿಯೇ ಇರುತ್ತಾಳೆ, ಮುಖ ಮೇಲಾಗಿಯೇ ಇರುತ್ತದೆ, ಹೊಸ್ತಿಲೂ ದಾಟುವುದಿಲ್ಲ. ಹೇಳಿದ ನೇಮಗಳಲ್ಲಿ ಒಂದೂ ಮುರಿಯುವುದಿಲ್ಲ.

ನಿಜವಾಗಿ ಒಂದೂ ಮುರಿಯುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಪ್ರತಿ ಆಡಿ ಅಮಾವಾಸ್ಯೆಯಂದು ಈ ಮನೆಯ ಹೆಂಗಸರು ಪಟದ ಗಾಜಿಗೆ ಅರಿಸಿನದ ನೀರು ಸುರಿದು ತೊಳೆಯುತ್ತಾರೆ. ಒರೆಸುವುದಲ್ಲ, ತೊಳೆಯುವುದು, ಅದು ಸಾಮಿಗೆ ಸ್ನಾನ. ಮದುವೆಯ ಮುಂಚೆ ಸುಶೀಲ ತೊಳೆದರು. ಆಮೇಲೆ ರಂಗನಾಯಕಿ ತೊಳೆದರು. ನೀರು ಕಟ್ಟಿನ ಸಂದಿಯಿಂದ ವರ್ಷ ವರ್ಷವೂ ಒಳಗಿಳಿದು ಒಣಗಿತ್ತು. ಪಟದ ಮೇಲಿನ ಅಂಟಿನಂಥ ಜೆಲಾಟಿನ್ ಪದರ ಮೆತ್ತಗಾಗಿ, ಗಾಜನ್ನು ಹಿಡಿದುಕೊಂಡು, ಮತ್ತೆ ಗಟ್ಟಿಯಾಗಿತ್ತು. ಹಣೆ, ಕೆನ್ನೆಗಳ ಕಡೆಯೇ ಹೆಚ್ಚು, ಏಕೆಂದರೆ ನೀರು ಸುರಿಯುತ್ತಿದ್ದುದು ಮುಖಕ್ಕೆ.

ಗಾಜಿನೊಳಗೆ ಒದ್ದೆಯಂಥ ಹೊಳಪೊಂದು ಇಂದುಜಾಗೆ ಕಂಡಿತು. ತಡೆಯಿರಿ ಎಂದಳು. ಅಷ್ಟರಲ್ಲಿ ಕೃಷ್ಣಸಾಮಿ ಪಟವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ನೂಲು ಕತ್ತರಿಸುವ ಚಾಕುವಿನಿಂದ ಹಿಂದಿನ ಮೊಳೆಗಳನ್ನು ಬಗ್ಗಿಸಿ ಹಲಗೆ ತೆಗೆದಾಗಿತ್ತು.

ಮೂವರ ಮಾತು ಕೂಡದಿರುವುದು ಇಲ್ಲಿಯೇ. ತಮ್ಮ ಎಳೆದನೆಂದು ಸುಶೀಲ ಹೇಳುತ್ತಾರೆ. ತಾಯಿಯನ್ನು ನೋಡುವ ಆತುರದಲ್ಲಿ ಅಕ್ಕನೇ ಕೈ ಹಾಕಿ ಎಳೆದಳೆಂದು ರಂಗನಾಯಕಿ ಹೇಳುತ್ತಾರೆ. ಯಾರೂ ಜೋರಾಗಿ ಎಳೆಯಲಿಲ್ಲ, ಇಬ್ಬರೂ ಒಂದೊಂದು ಅಂಚು ಹಿಡಿದಿದ್ದರು, ಒಣಗಿದ ಎಲೆ ಸೀಳಿದಷ್ಟು ಸದ್ದಾಯಿತು ಎನ್ನುತ್ತಾಳೆ ಇಂದುಜಾ.

ಕಾಗದ ಒಂದು ಕಡೆ ಬಂತು, ಮುಖ ಗಾಜಿನ ಕಡೆ ಹೋಯಿತು. ಗಾಜಿನ ಮೇಲೂ ಇಡಿಯಾಗಿ ಉಳಿಯಲಿಲ್ಲ. ಹಣೆಯ ಒಂದು ತುಂಡು, ಮೂಗಿನ ಒಂದು ಬದಿ, ತುಟಿಯ ತುದಿ, ನಡುನಡುವೆ ಬಿರುಕು. ಬಿರುಕಿನ ಅಂಚುಗಳು ಹೊಟ್ಟಿನಂತೆ ಉದುರಿ ಕೃಷ್ಣಸಾಮಿಯ ಬಿಳಿ ಪಂಚೆಯ ಮೇಲೆ ಬಿದ್ದವು. ಅವನು ಕೊಡವಲಿಲ್ಲ. ಎದ್ದೂ ನಿಲ್ಲಲಿಲ್ಲ. ಬಾಗಿಲ ಬಳಿಯಿದ್ದ ಮಾರಪ್ಪನ್ ಮೆಲ್ಲನೆ ಹೊರಟುಹೋದ.

ಮೊದಲು ಮಾತಾಡಿದ್ದು ರಂಗನಾಯಕಿ. ಈ ಮಾತನ್ನು ಆಕೆ ನನಗೆ ಹೇಳಲಿಲ್ಲ. ಸುಶೀಲ ಹೇಳಿದರು, ಇಂದುಜಾ ಒಪ್ಪಿದಳು.

“ಇದನ್ನ ಈಗ ನೀವೇ ತಗೊಂಡೋಗಿ, ಅತ್ತಿಗೆ. ಮುಖ ಇಲ್ಲದ್ದನ್ನ ಮನೇಲಿ ಇಡಬಾರದು.”

ಹೊಸ್ತಿಲು ದಾಟಬಾರದ ಪಟ ಹಾಗೆ ಹೊಸ್ತಿಲು ದಾಟಿತು. ಹಳೆಯ ಸೀರೆಯೊಂದರ ತುಂಡಿನಲ್ಲಿ ಗಾಜನ್ನೂ ಕಾಗದವನ್ನೂ ಬೇರೆಬೇರೆಯಾಗಿ ಸುತ್ತಿಕೊಂಡು ತಾಯಿಮಗಳು ಬಸ್ಸು ಹತ್ತಿದರು. ಕೃಷ್ಣಸಾಮಿ ಬೀದಿಯ ಕೊನೆಯವರೆಗೂ ಬಂದನಂತೆ. ಸ್ಕ್ಯಾನರನ್ನೂ ಪೆಟ್ಟಿಗೆಯಲ್ಲಿ ಹಾಕಿ ಇಂದುಜಾಳ ಕೈಗೆ ಕೊಟ್ಟ. ಅದರ ಮುಖ ನೋಡಲು ತನಗೆ ಆಗುವುದಿಲ್ಲವೆಂದ.

ನಾನು ಕಾರಮಡೈಯ ಆ ಮನೆಗೆ ಹೋದಾಗ ಸಾಮಿ ಕೋಣೆಯಲ್ಲಿ ಹೊಸ ಕಟ್ಟು ಹಾಕಿದ ಪಟವೊಂದಿತ್ತು. ಅಂದು ಗಾಜಿನ ಮೇಲಿಂದ ತೆಗೆದ ಮಸುಕು ಪ್ರತಿಯನ್ನೇ ದೊಡ್ಡದು ಮಾಡಿಸಿ ತೂಗುಹಾಕಿದ್ದರು. ಹಣೆಯಿರಬೇಕಾದ ಜಾಗ ಊಹಿಸಿ ಕುಂಕುಮವಿಟ್ಟಿದ್ದರು. ಬಾಗಿಲಿನಿಂದ ನೋಡಿದರೆ ಅದು ಯಾರದೇ ಮನೆಯ ಸಾಮಿಯಂತೆ ಇತ್ತು. ಸಾಮಿಗೆ ಕಣ್ಣುಮೂಗು ಯಾಕೆ, ಇದ್ದಾಳೆಂದುಕೊಂಡರೆ ಸಾಲದೇ ಎಂದು ರಂಗನಾಯಕಿ ನನ್ನನ್ನು ಕೇಳಿದರು. ಕೃಷ್ಣಸಾಮಿ ಮಗ್ಗದಿಂದ ಇಳಿದು ಬರಲಿಲ್ಲ. ಈ ವರ್ಷ ಆಡಿಗೆ ಅಕ್ಕನನ್ನು ಕರೆದಿದ್ದೇವೆ, ಬರುತ್ತಾರೋ ಇಲ್ಲವೋ ಎಂದೂ ಆಕೆ ಹೇಳಿದರು. ಅವರು ಹೋಗಲಿಲ್ಲವೆಂದು ಆಮೇಲೆ ತಿಳಿಯಿತು.

ಸುಶೀಲ ಅವರ ಬಳಿ ಇನ್ನೊಂದು ಪಟವಿದೆ. ಅದನ್ನು ಕತೆ ಮುಗಿದ ಮೇಲೆ ತೋರಿಸಿದರು. ಅಪ್ಪ ಮಗುವನ್ನು ಪಟದಿಂದ ಕತ್ತರಿಸಿರಲಿಲ್ಲ. ಆ ಭಾಗವನ್ನು ಹಿಂದಕ್ಕೆ ಮಡಚಿ, ಕಾಗದದ ಹೊದಿಕೆ ಹಾಕಿ, ಹಲಗೆಯ ಕೆಳಗೆ ಸೇರಿಸಿದ್ದ. ತಿರುಪ್ಪೂರಿಗೆ ತಂದು ಗಂಟು ಬಿಚ್ಚಿದಾಗ ಅದು ಸಿಕ್ಕಿತು. ನೀರು ಅಲ್ಲಿಗೆ ಹೋಗಿರಲಿಲ್ಲ, ದೀಪದ ಹೊಗೆಯೂ ಮುಟ್ಟಿರಲಿಲ್ಲ. ಇಂದುಜಾ ಮಡಿಕೆಯನ್ನು ಸರಿಮಾಡಿ ಅದೇ ತೆಳು ಸ್ಕ್ಯಾನರಿನ ಮೇಲೆ ಇಟ್ಟು ಮುಚ್ಚಳ ಮುಚ್ಚಿದಳು. ಮಗುವಿನ ರೆಪ್ಪೆಯ ಕೂದಲೂ ಎಣಿಸುವಂತೆ ಬಂದಿದೆ. ಅಂಗಿಯ ಕಸೂತಿಯ ಎಳೆ ಎಳೆಯೂ ಕಾಣುತ್ತದೆ.

“ಮೆಷಿನ್ ಮೇಲೆ ತಪ್ಪಿಲ್ಲ, ಸಾರ್,” ಎಂದರು ಸುಶೀಲ. “ನನ್ನ ಮುಖಾನ ಎಷ್ಟು ಸುದ್ದವಾಗಿ ತೆಗ್ದಿದೆ ನೋಡಿ.”

ಸ್ಟುಡಿಯೋದಲ್ಲಿ ಮಕ್ಕಳು ಕ್ಯಾಮೆರಾದ ಕಡೆ ನೋಡುವಂತೆ ಏನಾದರೂ ತೋರಿಸುತ್ತಾರೆ. ಈ ಮಗು ಆ ಕಡೆ ನೋಡಿಲ್ಲ. ಕತ್ತು ಹೊರಳಿಸಿ, ಬಾಯಿ ಸ್ವಲ್ಪ ತೆರೆದು, ಮಡಿಕೆಯ ಗೆರೆಯಾಚೆ ತಾಯಿಯ ಮುಖವಿದ್ದ ಕಡೆಗೇ ನೋಡುತ್ತಿದೆ. ಆ ಕಡೆ ಈಗ ಬರಿಯ ಕಾಗದ.

ಸುಶೀಲ ಪಟವನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು.

“ಇವ್ಳು ನೋಡ್ತಾವ್ಳೆ,” ಎಂದರು. “ನಂಗೆ ಕಾಣಲ್ಲ.”